ನಾಲ್ಕು ಸೆಕೆಂಡು

ಭರಮಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟೆಂಪೋ ಹಿರೇಕೆರೂರು ಬಿಟ್ಟು ತಿಳವಳ್ಳಿ ಕಡೆ ಹೊರಟಿತ್ತು. ಹಿಂದೆ ಹನ್ನೆರಡು ಹುಡುಗಿಯರು ಖೋ-ಖೋ ಕಪ್ಪನ್ನು ಎತ್ತಿ ಕುಣಿಸುತ್ತಿದ್ದರು. ಇವನೊಬ್ಬ ಮಾತ್ರ ಎದ್ದು, ಕೂತು, ಕಿಟಕಿ ತೆಗೆದು, ಹಾಕಿ, ಡ್ರೈವರ್ ರಮೀಜನ ತಲೆ ತಿನ್ನುತ್ತಿದ್ದ.

ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡೇ ಹದಿನೆಂಟು ವರ್ಷದಿಂದ ಊರ ಕ್ಲಬ್ಬಿಗೆ ಬಿಟ್ಟಿ ಚಾಕರಿ ಮಾಡಿದವನು. ಅಂಕಣಕ್ಕೆ ಸುಣ್ಣ ಎಳೆಯುವವನೂ ಇವನೇ, ಗಾಯಕ್ಕೆ ಅರಿಸಿನ ಹಚ್ಚುವವನೂ ಇವನೇ. "ಮನೀಗೆ ಮಾರಿ, ಊರಿಗೆ ಉಪಕಾರಿ" ಎಂದು ಹೆಂಡತಿ ಗುತ್ತೆವ್ವ ಬೈದರೆ ನಕ್ಕುಬಿಡುತ್ತಿದ್ದ. ಆದರೆ ಅವನ ಹೆಸರು ಎಂಥದ್ದು ಅಂತೀರಿ! ಇವತ್ತಿನ ಫೈನಲ್ಲಿನಲ್ಲಿ ಎದುರಾಳಿ ಸವಣೂರಿನವರೇ, "ಟೈಮ್ ಭರಮಪ್ಪನೇ ನೋಡ್ಲಿ, ಅವನ ಸೀಟಿ ಅಂದ್ರ ಸೀಟಿ" ಎಂದು ಗಡಿಯಾರ ಕೈಗೆ ಕೊಟ್ಟಿದ್ದರು.

ಆ ಪುಣ್ಯಾತ್ಮ ಮಾಡಿದ್ದೇನು? ಕೊನೆಯ ಗಳಿಗೆಯಲ್ಲಿ ಒಬ್ಬಳನ್ನು ಔಟ್ ಮಾಡಿದರೆ ಕಪ್ಪು. ನಾಯಕಿ ರಾಜಶ್ರೀ ಸವಣೂರಿನ ಹುಡುಗಿಯನ್ನು ಅಟ್ಟಿಸಿಕೊಂಡು ಹೋದಾಗ ಮೈಮರೆತು ಚಪ್ಪಾಳೆ ಹೊಡೆಯುತ್ತ ನಿಂತ. ಅವಳು ಮುಟ್ಟಿದಳು. ಆ ಕ್ಷಣಕ್ಕೇ ಇವನು ಗಡಿಯಾರ ನೋಡಿದರೆ ಹೊತ್ತು ಮುಗಿದು ಆಗಲೇ ನಾಲ್ಕು ಸೆಕೆಂಡು! ಗಾಬರಿಯಲ್ಲಿ ಸೀಟಿ ಊದಿದ. ಜನ ಹುಡುಗಿಯರನ್ನು ಹೊತ್ತು ಕುಣಿದರು. ಇವನ ನಾಲಿಗೆ ಏಳಲಿಲ್ಲ.

ಏಳುವುದಾದರೂ ಹೇಗೆ? ಕಪ್ಪು ತಂದರೆ ಮೈದಾನ ಹುಡುಗಿಯರಿಗೆ, ಇಲ್ಲದಿದ್ದರೆ ಮೆಕ್ಕೆಜೋಳ ಒಣಗಿಸಲಿಕ್ಕೆ ಎಂದು ಊರ ಹಿರಿಯರು ಖಡಾಖಂಡಿತ ಹೇಳಿದ್ದರು.

ಚಿಕ್ಕೇರೂರು ದಾಟಿತು. ಇನ್ನು ತಡೆಯಲಾರದೆ, "ರಮೀಜಾ, ಗಾಡಿ ನಿಲ್ಲಸೋ!" ಎಂದು ಕೂಗಿದ. ಹುಡುಗಿಯರತ್ತ ತಿರುಗಿ ಎಲ್ಲ ಹೇಳಿಬಿಟ್ಟ. "ತಪ್ಪು ನಂದವ್ವಾ. ಈ ಕಪ್ಪು ನಮ್ಮದಲ್ಲ."

ಒಬ್ಬಳು ಬಿಕ್ಕಿದಳು. ಕೊನೆಗೆ ರಾಜಶ್ರೀ ಕಣ್ಣೊರೆಸಿಕೊಂಡಳು.

"ನನಗ ಆಗ ಅನುಮಾನ ಬಂದಿತ್ರಿ ಕಾಕಾ. ಟೈಮ್ ಆತೇನಂತ ನಿಮ್ಮ ಕಡೆ ನೋಡಿದ್ರ ನೀವು ಚಪ್ಪಾಳಿ ಹೊಡ್ಯಾಕತ್ತಿದ್ರಿ. ಮೈದಾನದ ಆಸೆಗೆ ನಾನೂ ಬಾಯಿ ಮುಚ್ಚಿಕೊಂಡು ಕುಂತೆ."

ಅಂದವಳೇ ಕಪ್ಪನ್ನು ಅವನ ಕೈಗೆ ತುರುಕಿದಳು. "ರಮೀಜಣ್ಣಾ, ಗಾಡಿ ಹಿಂದಕ್ಕ ಹೊಳ್ಳಸು."

"ಮೈದಾನ ಹೋಗ್ತೈತಲ್ಲವ್ವಾ!" ಅಂದ ಭರಮಪ್ಪ.

"ಹೋಗ್ಲಿ ಬಿಡ್ರಿ. ಸಂತಿ ಬಯಲಾಗ ಆಡ್ತೇವಿ. ನಿಮ್ಮಂಥವ್ರನ್ನ ಎಲ್ಲಿಂದ ತರೂದ್ರಿ?"

ಐವತ್ತು ದಾಟಿದ ಭರಮಪ್ಪ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು, ಹುಡುಗಿಯರ ಮುಂದೆಯೇ ಗಳಗಳನೆ ಅತ್ತ.