ಕೂಗಿ ಹೇಳುವ ಮತ

ಮುಂದಿನವನೂ ಅವನ ಹೆಸರನ್ನೇ ಕೂಗಿದ. "ಕ್ರಾದರ್ಸ್."

ಎಲ್ಕಾನಾ ಕ್ರಾದರ್ಸ್ ಟೋಪಿ ಎತ್ತಿ ವಂದಿಸಿದ. ಗುಟ್ಟಿನ ಮತಪತ್ರ ಇನ್ನೂ ಬಾರದ ಕಾಲ; ಕೆನಡಾದ ಒಟ್ಟಾವಾ ನದಿದಂಡೆಯ ಈ ಊರಲ್ಲಿ ಮತವೆಂದರೆ ಹಲಗೆಯ ಅಟ್ಟ ಹತ್ತಿ, ನೆರೆದವರೆಲ್ಲ ಕೇಳುವಂತೆ ಹೆಸರು ಹೇಳುವುದು; ಹೇಳಿಸಿಕೊಂಡವನು ಟೋಪಿ ಎತ್ತುವುದು. ಎತ್ತೀ ಎತ್ತೀ ಅವನ ಭುಜ ನೋಯುತ್ತಿತ್ತು. ತನ್ನ ಮರದ ಮಿಲ್ಲಿಗೆ ರಜೆ ಕೊಟ್ಟು ಆಳುಗಳನ್ನು ಗಾಡಿಯಲ್ಲಿ ತುಂಬಿ ತಂದಿದ್ದ. ಎಲ್ಲರದೂ ಒಂದೇ ದನಿ. ಗರಗಸ ಒಂದೇ ಅಳತೆಗೆ ಸೀಳಿದ ಹಾಗೆ.

ಇವರಲ್ಲಿ ಒಬ್ಬನಿಗಾದರೂ ನಿಜವಾಗಿ ತಾನು ಬೇಕಾಗಿದ್ದನೇ?

ಮಧ್ಯಾಹ್ನ ಮಿಲ್ಲಿನ ಮೇಸ್ತ್ರಿ ಮರ್ಟಾಗನನ್ನು ಪಕ್ಕಕ್ಕೆ ಕರೆದು ಕೇಳಿಯೂಬಿಟ್ಟಿದ್ದ. "ನಿಜ ಹೇಳೋ. ನಾನು ಧಣಿ ಅಲ್ದೆ ಇದ್ದಿದ್ರೆ ಯಾರ ಹೆಸ್ರು ಹೇಳ್ತಿದ್ದೆ?"

ಮರ್ಟಾಗ್ ತಂಬಾಕು ಅಗಿಯುತ್ತಲೇ ಇದ್ದ. "ನೀವು ಧಣಿ ಅಲ್ದೆ ಇದ್ದಿದ್ರೆ ಚುನಾವಣೆಗೆ ನಿಲ್ತಾನೇ ಇರ್ಲಿಲ್ವಲ್ಲ, ಧಣೀ. ಸುಮ್ನೆ ಟೋಪಿ ಎತ್ತಿ. ಮದುವೆ ಗಂಡಿನ ತರ ಕಾಣ್ತೀರಿ."

ಸಂಜೆಯ ಹೊತ್ತಿಗೆ ಪೇಟೆಯವರೆಲ್ಲ ಬಂದು ಎದುರಾಳಿ, ವಕೀಲ ಪ್ರಿಂಗಲ್‌ನ ಹೆಸರು ಹೇಳಿದರು. ಪ್ರಿಂಗಲ್ ಒಂದೇ ಒಂದು ಮತ ಮುಂದಾದ. ಉಳಿದದ್ದು ಅಭ್ಯರ್ಥಿಗಳಿಬ್ಬರ ಮತ. ಮರ್ಯಾದಸ್ಥರು ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುವುದಿಲ್ಲ, ಎದುರಾಳಿಗೆ ಕೊಡುತ್ತಾರೆ. ಅದು ಅಲ್ಲಿನ ರೂಢಿ.

ಪ್ರಿಂಗಲ್ ಅಟ್ಟ ಹತ್ತಿ ರಾಗವಾಗಿ "ಕ್ರಾದರ್ಸ್" ಎಂದ. ಚಪ್ಪಾಳೆ. ಈಗ ಇಬ್ಬರೂ ಸರಿಸಮ. ಇಳಿಯುತ್ತ ಕ್ರಾದರ್ಸ್‌ನ ಕಿವಿಯಲ್ಲಿ ಹೇಳಿದ: "ನನ್ ದೊಡ್ಡತನ ತೋರ್ಸಿದ್ದಾಯ್ತು. ಇನ್ನು ನಿಮ್ದು ನೋಡೋಣ."

ಕ್ರಾದರ್ಸ್ ಮೆಟ್ಟಿಲು ಹತ್ತಿದ. ಪ್ರಿಂಗಲ್ ಎಂದರೆ ಸೋಲು. ತನ್ನ ಹೆಸರೆಂದರೆ ಗೆಲುವು, ಸಾಯುವವರೆಗೂ ಊರ ನಗೆ. ಇಡೀ ದಿನದಲ್ಲಿ ಮಿಲ್ಲಿನ ಕಡೆಯಿಂದ ಯಾವ ಧಣಿಗೂ ಹೆದರದೆ ಹೇಳಬಹುದಾದ ಮತ ಇದೊಂದೇ. ಅಷ್ಟಕ್ಕೂ, ತನಗೇ ತಾನು ಬೇಕೇ?

ಮತ ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಲಿಲ್ಲ. "ಯಾರಿಗೆ ಸ್ವಾಮಿ?"

ಬಾಯಿ ತೆರೆದ. ಹುಡುಗನಾಗಿದ್ದಾಗ ಮಾಂಟ್ರಿಯಲ್‌ನ ಶಾಲೆಯಲ್ಲಿ ಕಲಿತ ಲ್ಯಾಟಿನ್ ಶ್ಲೋಕವೊಂದು ನಾಲಿಗೆಗೆ ಬಂತು. ಹೆಸರು ಬರಲಿಲ್ಲ.

"ಹೇಳಿ ಸ್ವಾಮಿ. ಪಟ್ಟಿ ಮುಚ್ಚೋ ಹೊತ್ತಾಯ್ತು."

ಕೆಳಗೆ ಆಳುಗಳ ತುಟಿಗಳು ಅಲುಗತೊಡಗಿದವು, ಮಾತು ಬಾರದ ಕೂಸಿಗೆ ಕಲಿಸುವಂತೆ. ದನಿಯಿಲ್ಲ, ಚಳಿಗೆ ಬರೀ ಹಬೆ. ಎಲ್ಲ ಬಾಯಿಗಳೂ ಒಟ್ಟಿಗೆ ತೆರೆದು, ಒಟ್ಟಿಗೆ ಮುಚ್ಚುತ್ತಿದ್ದವು. ಎಲ್ಲವೂ ಒಂದೇ ಹೆಸರು. ಎಷ್ಟು ದಿಟ್ಟಿಸಿದರೂ ಅದು ತನ್ನದೋ ಪ್ರಿಂಗಲ್‌ನದೋ ಅವನಿಗೆ ತಿಳಿಯಲಿಲ್ಲ.