ಹೋಸಿಗೆ ಸವರಿದ ಎಣ್ಣೆ

ಟ್ರಕ್ಕಿನ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಹೊಸ ಇಂಟರ್‌ಕೂಲರಿನ ಪೈಪಿಗೆ ರಬ್ಬರ್ ಹೋಸು ಏರಲೊಲ್ಲದು. ಆರ್ವಲ್ ಎಣ್ಣೆ ಡಬ್ಬಿಗೆ ಬೆರಳದ್ದಿ ಹೋಸಿನ ಒಳಬಾಯಿಗೆ ಸವರಿದ. ಅದು ಸರಕ್ಕನೆ ಜಾರಿ ಕೂತಿತು. ಸಿಳ್ಳೆ ಹಾಕುತ್ತ ಕ್ಲಿಪ್ಪು ಬಿಗಿದ.

ಟಾರ್ಚ್ ಹಿಡಿದು ನಿಂತಿದ್ದ ಮಗಳು ಲಿನೆಟ್ ಬೆಳಕನ್ನು ಎಣ್ಣೆ ಡಬ್ಬಿಯತ್ತ ತಿರುಗಿಸಿದಳು. ಅವಳು ಶಾಲೆ ಬಿಟ್ಟು ಈ ಶೆಡ್ಡಿಗೆ ಬಂದ ಮೊದಲ ವಾರವೇ ಅಪ್ಪ ಅವಳಿಂದ ತಲೆಗೂದಲಿನ ಸ್ಪ್ರೇ ತರಿಸಿ ಹೋಸಿನೊಳಗೆ ಹೊಡೆದು ತೋರಿಸಿದ್ದ. "ಇದು ಒಣಗಿದ್ರೆ ಅಂಟಿನ ಹಾಗೆ ಹಿಡ್ಕೊಳ್ಳುತ್ತೆ ಪುಟ್ಟಿ. ಎಣ್ಣೆ ಮಾತ್ರ ಮುಟ್ಟಿಸಬೇಡ. ಏರಲ್ಲಿ ಟರ್ಬೊ ಗಾಳಿ ಒತ್ತಿದ ಕೂಡ್ಲೇ ಹೋಸು ಕಿತ್ಕೊಂಡು ಹೋಗುತ್ತೆ."

ಹೋದ ವರ್ಷ ಘಾಟಿಯ ನಡುವೆ ಹಾಗೇ ಆಗಿತ್ತು. ಕಪ್ಪು ಹೊಗೆ ಎದ್ದು, ಶಕ್ತಿಯೆಲ್ಲ ಬಸಿದುಹೋಗಿ, ಕರು ತುಂಬಿದ ಟ್ರೇಲರು ಟ್ರಕ್ಕನ್ನೇ ಹಿಂದಕ್ಕೆ ಜಗ್ಗಿತ್ತು. ಹಳೆಯ ಹೋಸು, ಅದಕ್ಕೇ ಕಿತ್ತುಬಂತು ಎಂದು ಎಲ್ಲರೂ ನಂಬಿದ್ದರು. ಈವತ್ತಿನ ತನಕ ಲಿನೆಟ್ ಕೂಡ.

"ಏನಣ್ಣ, ಮುಗೀತಾ? ಬಿಲ್ಲಿಂಗ್ಸ್ ದನದ ಸಂತೆ ಮುಟ್ಟೋ ಹೊತ್ತಿಗೆ ನನ್ನ ಕರುಗಳಿಗೆ ಮೊಮ್ಮಕ್ಕಳಾಗಿರ್ತವೆ," ಎಂದ ಪಕ್ಕದ ದನಸಾಕಣೆ ರಾಂಚಿನ ಮರ್ಲ್. ಹೊರಗೆ ಟ್ರೇಲರಿನಲ್ಲಿ ಅವನ ಕರುಗಳು ಒದರುತ್ತಿದ್ದವು. ಈ ಸಲವೂ ಟ್ರಕ್ಕು ಕೆಟ್ಟು ನಿಂತರೆ ಮುಂದೆ ಕರು ಸಾಗಿಸಲು ಬೇರೆಯವರಿಗೆ ಹೇಳುತ್ತೇನೆ ಎಂದು ಅವನು ಮೊದಲೇ ಅಂದಿದ್ದ.

"ಸುಮ್ನಿರೋ. ಹಳೇ ಕೂಲರಿನ ಎರಡರಷ್ಟಿದೆ ಇದು. ತಣ್ಣನೆ ಗಾಳಿ ಕುಡ್ಕೊಂಡು ಕುದುರೆ ಹಾಗೆ ಹತ್ತುತ್ತೆ ನೋಡು," ಎಂದ ಆರ್ವಲ್.

ಮರ್ಲ್‌ನ ಎದುರು ಬಾಯಿಬಿಟ್ಟರೆ ಅಪ್ಪ ಮತ್ತೆ ಈ ಊರಲ್ಲಿ ತಲೆಯೆತ್ತಲಾರ. ಬಾಯಿಬಿಡದಿದ್ದರೆ ಘಾಟಿ ಇದೆ.

"ಅಪ್ಪಾ, ಮನೇಲಿ ಕಾಫಿ ಇಟ್ಟಿದ್ದೀನಿ. ಮರ್ಲ್ ಮಾವನ್ನೂ ಕರ್ಕೊಂಡು ಹೋಗು," ಎಂದಳು.

"ಬಿಸ್ಕತ್ತು ಇದ್ಯೇನಮ್ಮಾ?"

"ಇದೆ ಮಾವ. ಹೋಗಿ."

ಅವರು ಬಾಗಿಲು ದಾಟಿದ್ದೇ ತಡ, ಕ್ಲಿಪ್ಪು ಸಡಿಲಿಸಿ ಹೋಸು ಎಳೆದಳು. ಎಳೆಯುವುದೇ ಬೇಕಿರಲಿಲ್ಲ, ಕೈಗೆ ಬಂತು. ಸ್ಪಿರಿಟ್ಟಿನ ಬಟ್ಟೆಯಿಂದ ಹೋಸು, ಪೈಪು ಎರಡನ್ನೂ ಜಿಡ್ಡು ಹೋಗುವ ತನಕ ಒರೆಸಿದಳು. ತನ್ನ ಚೀಲದಲ್ಲಿದ್ದ ಸ್ಪ್ರೇ ಹೊಡೆದು, ಮತ್ತೆ ಕೂರಿಸಿ ಬಿಗಿದಳು.

ಕಾಫಿ ಕುಡಿದು ಬಂದ ಮರ್ಲ್ ಮೂಗರಳಿಸಿದ. "ಯಾರಪ್ಪ ಇಲ್ಲಿ ಮದುವೆಗೆ ಹೊರಟಿರೋದು?"

ಬಾನೆಟ್ಟು ಮುಚ್ಚಲು ಬಗ್ಗಿದ ಆರ್ವಲ್ ಹಾಗೇ ನಿಂತ. ಎಂಜಿನ್ನಿನ ಮೇಲೆಲ್ಲ ಹೂವಿನ ವಾಸನೆ. ಅವನು ಹೋಸನ್ನು ನೋಡಿದ. ಆಮೇಲೆ ತನ್ನ ಬೆರಳುಗಳನ್ನು ನೋಡಿದ. ಅವು ಇನ್ನೂ ಎಣ್ಣೆಯಿಂದ ಮಿನುಗುತ್ತಿದ್ದವು. ಪ್ಯಾಂಟಿಗೆ ನಿಧಾನವಾಗಿ ಒರೆಸಿಕೊಂಡ.

"ಘಾಟೀಲಿ ಮೇಲಿನ ಗೇರಿಗೆ ಆತುರ ಪಡಬೇಡ," ಎಂದ, ಮಗಳ ಮುಖ ನೋಡದೆ.

ಬಾನೆಟ್ಟು ಮುಚ್ಚಿ, ಟ್ರಕ್ಕಿನ ಬೀಗದ ಕೈಯನ್ನು ಅದರ ಮೇಲಿಟ್ಟು ಬಲಕ್ಕೆ, ಸ್ಟೇರಿಂಗ್ ಇಲ್ಲದ ಬದಿಗೆ ಸುತ್ತಿಹೋದ. ಆ ಬದಿಯ ಬಾಗಿಲು ಬಿಗಿ, ಅಲ್ಲಿಂದ ಎಂದೂ ಹತ್ತದ ಅವನಿಗದು ಗೊತ್ತಿರಲಿಲ್ಲ. ಎರಡು ಸಲ ಜಗ್ಗಿ ತೆರೆದು ಹತ್ತಿದ. ಲಿನೆಟ್ ಸ್ಟೇರಿಂಗ್ ಮುಂದೆ ಕೂತಾಗ, ಅವನು ಬೆಲ್ಟಿನ ಕೊಂಡಿಗಾಗಿ ತಪ್ಪು ಕಡೆ ತಡಕುತ್ತಿದ್ದ.