ಕಕ್ಕಸಿನ ಚಿತ್ರ

"ಬೆಳಗ್ಗೆ ಬಂದಾಗ್ಲೇ ಹೋಗ್ ಬಂದ್ಯಲ್ಲೇ, ಪುಟ್ಟಿ! ಹೊಟ್ಟೇಲೇನ್ ತೂತ್ ಬಿದ್ದಿರೋ ಬಕೆಟ್ ಇಟ್ಕೊಂಡಿದ್ಯಾ?"

ನನಗೆ ನಲವತ್ನಾಲ್ಕು. ಹೆಸರು ಲೋರ್ನಾ. ಆದರೆ ಶೆಪರ್ಟನ್ ಊರಿನ, ಅಂಗವಿಕಲರಿಗೆಂದೇ ನಡೆಸುವ ಈ ಪ್ಯಾಕಿಂಗ್ ಶೆಡ್ಡಿನಲ್ಲಿ ಮೇನೇಜರ್ ಗ್ರಾಂಟ್‌ಗೆ ಗಾಲಿಕುರ್ಚಿಯಲ್ಲಿ ಕೂತವರೆಲ್ಲ ಪುಟ್ಟ, ಪುಟ್ಟಿಯರೇ. ವಿಮಾನದ ಊಟಕ್ಕೆ ಪ್ಲಾಸ್ಟಿಕ್ ಚಮಚ, ಉಪ್ಪಿನ ಪೊಟ್ಟಣ ಸೇರಿಸಿ ಕವರಿಗೆ ತುಂಬುವುದು ನಮ್ಮ ಕೆಲಸ. ನಮ್ಮನ್ನು ಉದ್ಧಾರ ಮಾಡುತ್ತಿದ್ದೇನೆ ಅಂತ ಅವನ ನಂಬಿಕೆ. ಅವನು ಕೊಡುವ ಕೂಲಿಯನ್ನು ಅವನ ನಾಯಿಯೂ ಮೂಸಿ ನೋಡುವುದಿಲ್ಲ.

ಹುಟ್ಟಿದಾಗಿನಿಂದ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಕುರ್ಚಿಗೆ ಬಿಗಿದ ಟ್ಯಾಬ್ಲೆಟ್ಟೇ ನನ್ನ ಬಾಯಿ. ಚಿತ್ರ ಒತ್ತಿದರೆ ಅದು ಗಟ್ಟಿಯಾಗಿ ಹೇಳುತ್ತದೆ. ಕಳೆದ ವಾರ ಗ್ರಾಂಟ್ ಅದರಿಂದ ಕಕ್ಕಸಿನ ಚಿತ್ರವನ್ನು ಅಳಿಸಿಹಾಕಿದ. ನಾನು ಸುಮ್ಮಸುಮ್ಮನೆ ಒತ್ತುತ್ತೇನಂತೆ. ಒತ್ತಿ ಆಡಲಿಕ್ಕೆ ಅದೇನು ಕಾರಿನ ಹಾರ್ನೇ? ಅಂದಿನಿಂದ ನರಳಿ ನರಳಿ ಕೇಳಬೇಕು. ಅವನಿಗೆ ಚೆನ್ನಾಗಿ ಅರ್ಥವಾಗುತ್ತದೆ, ಆಮೇಲೆ ಹೀಗೆ ಬೈಯುತ್ತಾನೆ.

ಇವತ್ತು ದೊಡ್ಡ ದೇಣಿಗೆ ಕೊಡುವ ಫಿಲಿಪಾ ಮೇಡಂ ಕ್ಯಾಮೆರಾದವನನ್ನು ಕಟ್ಟಿಕೊಂಡು ಬರುವವಳಿದ್ದಳು. ಗ್ರಾಂಟ್ ನನ್ನ ಟ್ಯಾಬ್ಲೆಟ್ಟಿನ ಉಳಿದ ಚಿತ್ರಗಳನ್ನೆಲ್ಲ ಅಡಗಿಸಿ ನಗುವ ಮುಖವೊಂದನ್ನೇ ಬಿಟ್ಟ.

"ಇದನ್ನ ಒತ್ತು. 'ನಂಗಿಲ್ಲಿ ಭಾಳ ಖುಷಿ' ಅನ್ನತ್ತೆ. ಮೇಡಂ ಹೋದ್ಮೇಲೆ ಕಕ್ಕಸ್ಗೆ ಕಳಿಸ್ತೀನಿ. ಅಲ್ಲೀವರ್ಗೂ ಮುಚ್ಕೊಂಡ್ ಕೂತಿರು."

ಪಕ್ಕದಲ್ಲಿದ್ದ ಸಿಯೋನೆ ಎಲ್ಲ ನೋಡುತ್ತಿದ್ದ. ಟೋಂಗಾ ದ್ವೀಪದ ಮುದುಕ. ಪಾರ್ಶ್ವವಾಯು ಹೊಡೆದ ಮೇಲೆ ಅವನ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಬೋಳಿಮಗ." ಚಹಾ ಬೇಕಾದರೂ ಅದೇ, ಪ್ರೀತಿ ಉಕ್ಕಿದರೂ ಅದೇ. ಮಿಕ್ಕಿದ್ದಕ್ಕೆಲ್ಲ ಅವನದು ರಟ್ಟಿನ ಚಿತ್ರದ ಹಲಗೆ. ಅದಕ್ಕೆ ಬ್ಯಾಟರಿ ಇಲ್ಲ, ಹಾಗಾಗಿ ಗ್ರಾಂಟ್ ಆರಿಸುವಂಥದ್ದೂ ಏನಿಲ್ಲ. ಸಿಯೋನೆ ಅದನ್ನು ನನ್ನ ತೊಡೆಯ ಮೇಲಿಟ್ಟ.

ಮೇಡಂ ಬಂದಳು. ಬಂದವಳೇ ನನ್ನ ಕೆನ್ನೆ ಚಿವುಟಿದಳು.

"ಅಯ್ಯೋ, ಎಷ್ಟ್ ಮುದ್ದಾಗಿದಾಳೆ! ಇವ್ಳಿಗೆ ನಾವಾಡೋದು ತಿಳಿಯತ್ತಾ?" ಅಂತ ನನ್ನ ತಲೆಯ ಮೇಲಿಂದ ಗ್ರಾಂಟ್‌ನನ್ನು ಕೇಳಿದಳು.

"ನಾಲ್ಕ್ ವರ್ಷದ್ ಮಗೂಗೆ ತಿಳಿಯೋವಷ್ಟು ತಿಳಿಯತ್ತೆ ಮೇಡಂ. ಪುಟ್ಟೀ, ಒತ್ತಮ್ಮ!"

ನಾನು ಒತ್ತಲಿಲ್ಲ. ಸೆಟೆದ ಬೆರಳನ್ನು ಎಳೆದುಕೊಂಡು ಹೋಗಿ ಹಲಗೆಯ ಮೇಲಿಟ್ಟೆ.

"ಓ, ಇದು ನಂಗ್ ಗೊತ್ತು!" ಅಂದಳು ಮೇಡಂ. ಕ್ಯಾಮೆರಾಗೆಂದೇ ಯಾರೋ ಕಲಿಸಿದ್ದರು. ಹಲಗೆಗೆ ನಮ್ಮಲ್ಲಿ ಒಂದೇ ನೇಮ. ತೋರಿಸಿದ ಚಿತ್ರವನ್ನು ಎದುರಿಗಿದ್ದವರು ಗಟ್ಟಿಯಾಗಿ ಓದಬೇಕು, ಓದುವತನಕ ತೋರಿಸುವವರು ಬೆರಳೆತ್ತುವುದಿಲ್ಲ.

"ನಾನು," ಮೇಡಂ ರಾಗವಾಗಿ ಓದಿದಳು. "ಕಕ್ಕಸು... ಕೇಳು... ಅವನು..."

ನನ್ನ ಬೆರಳು ಮೊದಲು ಗ್ರಾಂಟ್ ಕಡೆ ತಿರುಗಿ, ಆಮೇಲೆ 'ಬೇಡ' ಅನ್ನುವ ಕೆಂಪು ಕೈಯ ಚಿತ್ರದ ಮೇಲೆ ಹೋಗಿ ಕೂತಿತು. ರಾಗ ನಿಂತಿತು.

"ತಮಾಷೆ ಮಾಡ್ತಾಳೆ ಮೇಡಂ, ಭಾರಿ ತುಂಟಿ," ಅಂತ ಗ್ರಾಂಟ್ ಹಲಗೆಗೆ ಕೈ ಹಾಕಿದ. ಸಿಯೋನೆ ತನ್ನ ಸರಿಯಿದ್ದ ಕೈಯಿಂದ ಅವನ ಮಣಿಕಟ್ಟು ಹಿಡಿದುಕೊಂಡ.

"ಬೋಳಿಮಗ," ಅಂದ. ಈ ಸಲ ಅವನಿಗೆ ಚಹಾ ಬೇಕಿರಲಿಲ್ಲ.

ಕ್ಯಾಮೆರಾ ಓಡುತ್ತಲೇ ಇತ್ತು. ಮೇಡಂ ಒಮ್ಮೆ ಗ್ರಾಂಟ್‌ನನ್ನು ನೋಡಿದಳು, ಒಮ್ಮೆ ಬಾಗಿಲನ್ನು. ಬಣ್ಣ ಹಚ್ಚಿದ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು. ಓದೇ ತಾಯಿ, ನಿನಗೆ ನಾಲಿಗೆ ನೆಟ್ಟಗಿದೆಯಲ್ಲ! ಅವಳನ್ನು ಕಂಡು ನನಗೆ ಹೇಸಿಗೆಯಾಯಿತು.

ತಡೆದುಕೊಳ್ಳಬಹುದಿತ್ತು. ಇನ್ನೂ ಸ್ವಲ್ಪ ಹೊತ್ತು ಖಂಡಿತ ತಡೆದುಕೊಳ್ಳಬಹುದಿತ್ತು. ಅವಳ ಕಣ್ಣಲ್ಲಿ ಕಣ್ಣಿಟ್ಟು ಬಿಟ್ಟುಬಿಟ್ಟೆ.

ಕುರ್ಚಿಯಿಂದ ತೊಟ್ಟಿಕ್ಕಿ, ಸಿಮೆಂಟಿನ ಮೇಲೆ ಹರಿದು, ಅದು ಅವಳ ಬಿಳಿ ಬೂಟಿನ ಕಡೆ ನಡೆಯಿತು. ಮೇಡಂ ಹಿಂದಕ್ಕೆ ಸರಿದಳು, ಮತ್ತೂ ಸರಿದಳು. ಕೆಂಪು ಕೈಯನ್ನು ಇನ್ನೂ ಯಾರೂ ಓದಿರಲಿಲ್ಲ. ನಾನು ಬೆರಳೆತ್ತಲಿಲ್ಲ.